ಊರ ಕೆರೆಯಲ್ಲಿ ಪರಿಸರ ವಿಜ್ಞಾನ: ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಹಂತಹಂತದ ಮಾರ್ಗದರ್ಶಿ

‘ಪರಿಸರ ವ್ಯವಸ್ಥೆ ಎಂದರೇನು?’ ಎಂದು ಪರೀಕ್ಷೆಯಲ್ಲಿ ಕೇಳಿದರೆ ನಮ್ಮ ಬಹುಪಾಲು ವಿದ್ಯಾರ್ಥಿಗಳು ತಪ್ಪಿಲ್ಲದ ಉತ್ತರ ಬರೆಯುತ್ತಾರೆ. ಅದೇ ವಿದ್ಯಾರ್ಥಿಗಳನ್ನು ಕೆರೆಯ ಏರಿಯ ಮೇಲೆ ನಿಲ್ಲಿಸಿ ‘ಇಲ್ಲಿನ ಮುಖ್ಯ ಉತ್ಪಾದಕ ಯಾವುದು, ತೋರಿಸಿ’ ಎಂದರೆ ದಡದ ಆಲದ ಮರವನ್ನೋ ಜೊಂಡನ್ನೋ ತೋರಿಸುತ್ತಾರೆಯೇ ಹೊರತು, ಇಡೀ ನೀರಿಗೆ ಹಸಿರು ಬಣ್ಣ ಕೊಟ್ಟಿರುವ, ಬರಿಗಣ್ಣಿಗೆ ಬಿಡಿಯಾಗಿ ಕಾಣದ ಸೂಕ್ಷ್ಮ ಪಾಚಿಯ ಕಡೆ ಕೈ ತೋರಿಸುವವರು ತೀರ ಕಡಿಮೆ. ವ್ಯಾಖ್ಯೆ ಬಾಯಿಗೆ ಬಂದಿದೆ, ಕಣ್ಣಿಗೆ ಬಂದಿಲ್ಲ.

ಉತ್ಪಾದಕ (ಆಹಾರ ತಯಾರಿಸುವುದು), ಭಕ್ಷಕ (ತಿನ್ನುವುದು), ವಿಘಟಕ (ಸತ್ತದ್ದನ್ನು ಕೊಳೆಸುವುದು) ಎಂಬ ಪದಗಳು ಜೀವಿಗಳ ಹೆಸರುಗಳಲ್ಲ; ಒಂದು ಜೀವಿಗೂ ಇನ್ನೊಂದಕ್ಕೂ, ಜೀವಿಗೂ ಅದರ ಸುತ್ತಲಿನ ನೀರು, ಬೆಳಕು, ಮಣ್ಣುಗಳಿಗೂ ಇರುವ ಸಂಬಂಧಗಳ ಹೆಸರುಗಳು. ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ 1866ರಲ್ಲಿ ಈ ಶಾಸ್ತ್ರಕ್ಕೆ ಹೆಸರಿಡುವಾಗ ‘ಮನೆ’ ಎಂಬ ಅರ್ಥದ ಗ್ರೀಕ್ ಪದವನ್ನು ಆರಿಸಿಕೊಂಡರು. ಒಂದು ಮನೆಯಲ್ಲಿರುವವರ ಹೆಸರುಗಳೆಲ್ಲ ಗೊತ್ತಿದ್ದರೂ, ಅಲ್ಲಿ ಯಾರು ದುಡಿಯುತ್ತಾರೆ, ಯಾರು ಉಣ್ಣುತ್ತಾರೆ, ಕಸ ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಾಗದ ಹೊರತು ಆ ಮನೆ ಹೇಗೆ ನಡೆಯುತ್ತಿದೆ ಎಂದು ಹೇಳಲಾಗದು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಒಂದೇ ಕೆರೆಯನ್ನು ಹಿಡಿದುಕೊಂಡು, ಅದನ್ನು ಎಂಟು ವಾರಗಳ ಕಾಲ ಮತ್ತೆ ಮತ್ತೆ ನೋಡಿ, ಅಳೆದು, ಎಣಿಸಿ, ಪಠ್ಯಪುಸ್ತಕದ ಪ್ರತಿಯೊಂದು ಪರಿಕಲ್ಪನೆಗೂ ಅಲ್ಲಿಯೇ ಸಾಕ್ಷ್ಯ ಹುಡುಕುವ ವಿಧಾನವನ್ನು ವಿವರಿಸಿದ್ದೇನೆ. ಬಯಲುಸೀಮೆಯವರಿಗೆ ಊರಿಗೊಂದು ಕೆರೆ ಸಿಗುತ್ತದೆ. ಕರಾವಳಿಯವರು ಮದಗವನ್ನೂ ನಗರದವರು ಉದ್ಯಾನದ ಕೊಳವನ್ನೂ ಆರಿಸಿಕೊಳ್ಳಬಹುದು. ಮಳೆಗಾಲ ಮುಗಿದು ನೀರು ತಿಳಿಯಾಗುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಕಾಲ ಈ ಕೆಲಸಕ್ಕೆ ಅತ್ಯಂತ ಸೂಕ್ತ.

ಸಿದ್ಧತೆ

ದುಬಾರಿ ಉಪಕರಣಗಳೇನೂ ಬೇಡ. ಗಟ್ಟಿ ರಟ್ಟಿನ ಒಂದು ನೋಟ್‌ಬುಕ್, ಪೆನ್ಸಿಲ್ (ಪೆನ್ನಿನ ಶಾಯಿ ನೀರು ತಾಗಿದರೆ ಹರಡುತ್ತದೆ), ಶಾಲೆಯ ಪ್ರಯೋಗಾಲಯದ ಥರ್ಮಾಮೀಟರ್, ಪಿಎಚ್ ಕಾಗದ, ಒಂದು ಭೂತಗನ್ನಡಿ, ಬಿಳಿಯ ಪ್ಲಾಸ್ಟಿಕ್ ಬೋಗುಣಿ, ಉದ್ದನೆಯ ಕೋಲಿಗೆ ಕಟ್ಟಿದ ಚಹಾ ಸೋಸುವ ಜಾಲರಿ, ಹಗ್ಗ, ನಾಲ್ಕು ಗೂಟ ಇಷ್ಟಿದ್ದರೆ ಸಾಕು. ವಾರಕ್ಕೆ ಎರಡು ಬಾರಿ ಹೋಗಬೇಕು. ಅವುಗಳಲ್ಲಿ ಒಂದು ಭೇಟಿ ಸೂರ್ಯೋದಯದ ಹೊತ್ತಿಗೂ ಇನ್ನೊಂದು ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೂ ಆಗಬೇಕು. ಈ ಹೊತ್ತುಗಳನ್ನು ಏಕೆ ಹೇಳಿದೆ ಎಂಬುದು ಎರಡನೆಯ ಹಂತದಲ್ಲಿ ತಿಳಿಯುತ್ತದೆ.

ಸುರಕ್ಷತೆಯ ವಿಷಯದಲ್ಲಿ ರಾಜಿ ಇಲ್ಲ. ಜೊತೆಗೆ ಶಿಕ್ಷಕರೋ ಮನೆಯ ಹಿರಿಯರೋ ಇರಲೇಬೇಕು. ಹೂಳು ತುಂಬಿದ ಕೆರೆಯಲ್ಲಿ ಮೊಣಕಾಲುದ್ದ ನೀರು ಕಂಡ ಕಡೆಯೂ ಕಾಲು ಆಳಕ್ಕೆ ಹೂತುಹೋಗಬಹುದಾದ್ದರಿಂದ ನೀರಿಗೆ ಇಳಿಯಬಾರದು. ಎಲ್ಲ ಮಾದರಿಗಳನ್ನೂ ದಡದಿಂದ ಅಥವಾ ತೂಬಿನ ಮೆಟ್ಟಿಲಿನಿಂದಲೇ ತೆಗೆಯಬೇಕು. ಚರಂಡಿಯ ನೀರು ಸೇರುವ ಕೆರೆಯಾದರೆ ನೀರನ್ನು ಕೈಗವಸಿಲ್ಲದೆ ಮುಟ್ಟಬಾರದು, ಏಕೆಂದರೆ ಇಲಿಜ್ವರದಂತಹ ರೋಗಗಳು ಚರ್ಮದ ಸಣ್ಣ ಗಾಯದ ಮೂಲಕವೇ ಒಳಸೇರುತ್ತವೆ. ಹಿಡಿದ ಹುಳ, ಬಸವನಹುಳು, ಗೊದಮೊಟ್ಟೆಗಳನ್ನು ನೋಡಿದ ಮೇಲೆ ಅಲ್ಲಿಯೇ ಬಿಡಬೇಕು. ಹಕ್ಕಿ, ಆಮೆ, ಹಾವುಗಳನ್ನು ಹಿಡಿಯುವುದಂತೂ ಬೇಡವೇ ಬೇಡ.

ಮೊದಲ ಹಂತ: ಎಲ್ಲೆಯನ್ನು ಗುರುತಿಸಿ

ಒಂದು ಪುಟದ ತುಂಬ ಕೆರೆಯ ನಕ್ಷೆ ಬರೆಯಿರಿ. ಏರಿ, ತೂಬು, ಕೋಡಿ, ನೀರು ತರುವ ಹಳ್ಳ, ತೂಬಿನ ಕೆಳಗಿನ ಅಚ್ಚುಕಟ್ಟು, ಜಾನುವಾರು ಇಳಿಯುವ ಜಾಗ, ಬಟ್ಟೆ ಒಗೆಯುವ ಕಲ್ಲು, ಜೊಂಡು ಬೆಳೆದ ಮೂಲೆ, ಎಲ್ಲವೂ ಅದರಲ್ಲಿ ಇರಲಿ. ಆಮೇಲೆ ‘ಪರಿಸರ ವ್ಯವಸ್ಥೆ’ ಎಂದು ನೀವು ಕರೆಯುವುದರ ಸುತ್ತ ಒಂದು ಗೆರೆ ಎಳೆಯಿರಿ.

ಗೆರೆ ಎಳೆಯಲು ಹೊರಟ ಕ್ಷಣವೇ ತೊಡಕು ಶುರುವಾಗುತ್ತದೆ, ಅದು ಶುರುವಾಗಲೇಬೇಕು. ನೀರಿನ ಅಂಚಿನಲ್ಲಿ ಗೆರೆ ಎಳೆದರೆ ಕಪ್ಪೆಯನ್ನು ಏನು ಮಾಡುವುದು? ಹಳ್ಳದ ಮೂಲಕ ಬರುವ ಹೊಲದ ಮಣ್ಣು, ಗೊಬ್ಬರಗಳನ್ನು ಬಿಡುವುದು ಹೇಗೆ? ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಕೆರೆಯಲ್ಲಿ ವಿಶ್ರಮಿಸಿ ಹಿಕ್ಕೆ ಹಾಕುತ್ತವೆ. ಹೊಲದ ಸಾರ ಹಕ್ಕಿಯ ಹೊಟ್ಟೆಯಲ್ಲಿ ಕುಳಿತು ಕೆರೆಗೆ ಬರುತ್ತದೆ. 1935ರಲ್ಲಿ ಪರಿಸರ ವ್ಯವಸ್ಥೆ ಎಂಬ ಪರಿಕಲ್ಪನೆಯನ್ನು ಮುಂದಿಟ್ಟ ಬ್ರಿಟಿಷ್ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್ಲೆ, ಜೀವಿಗಳನ್ನೂ ಅವುಗಳ ಭೌತಿಕ ಸುತ್ತಮುತ್ತಲನ್ನೂ ಬೇರ್ಪಡಿಸದೆ ಒಂದೇ ವ್ಯವಸ್ಥೆಯಾಗಿ ಕಾಣಬೇಕೆಂದೂ, ಅಧ್ಯಯನಕ್ಕಾಗಿ ನಾವು ಅದನ್ನು ಮನಸ್ಸಿನಲ್ಲಿ ಪ್ರತ್ಯೇಕಿಸಿಕೊಳ್ಳುತ್ತೇವೆಂದೂ ವಿವರಿಸಿದರು. ಎಲ್ಲೆ ಪ್ರಕೃತಿಯದಲ್ಲ, ನಮ್ಮದು. ನೀವು ಎಲ್ಲಿ ಗೆರೆ ಎಳೆದಿರಿ, ಏಕೆ ಎಳೆದಿರಿ, ಆ ಗೆರೆಯನ್ನು ದಾಟಿ ಒಳಬರುವುದೇನು ಹೊರಹೋಗುವುದೇನು ಎಂಬುದನ್ನು ನಕ್ಷೆಯ ಕೆಳಗೆ ಬರೆದಿಡಿ.

ಎರಡನೆಯ ಹಂತ: ಜೀವವಿಲ್ಲದ್ದನ್ನು ಅಳೆಯಿರಿ

ವಿದ್ಯಾರ್ಥಿಗಳು ಸಾಮಾನ್ಯವಾಗಿ ಅವಸರದಲ್ಲಿ ದಾಟಿಹೋಗುವ ಭಾಗ ಇದು, ನನ್ನ ಎಣಿಕೆಯಲ್ಲಿ ಅತ್ಯಂತ ಹೆಚ್ಚು ಕಲಿಸುವ ಭಾಗವೂ ಇದೇ. ಬೆಳಕು, ಉಷ್ಣತೆ, ಕರಗಿದ ಆಮ್ಲಜನಕ, ಆಮ್ಲೀಯತೆ ಇವು ಅಜೈವಿಕ ಘಟಕಗಳು ಎಂದು ಪಟ್ಟಿ ಮಾಡುವುದು ಸುಲಭ. ಅವು ಜೀವಿಗಳನ್ನು ಹೇಗೆ ಆಳುತ್ತವೆ, ಜೀವಿಗಳು ತಿರುಗಿ ಅವನ್ನೇ ಹೇಗೆ ಬದಲಾಯಿಸುತ್ತವೆ ಎಂಬುದನ್ನು ಕಾಣಲು ಅಳತೆಯೇ ಬೇಕು.

ಬೆಳಕಿನಿಂದ ಆರಂಭಿಸಿ. 20 ಸೆಂ.ಮೀ. ಅಗಲದ ಹಳೆಯ ಸ್ಟೀಲ್ ತಟ್ಟೆಯೊಂದನ್ನು ನಾಲ್ಕು ಕಾಲುಭಾಗ ಮಾಡಿ ಕಪ್ಪು, ಬಿಳಿ, ಕಪ್ಪು, ಬಿಳಿ ಬಣ್ಣ ಬಳಿಯಿರಿ. ನಡುವೆ ತೂತು ಮಾಡಿ ಗಂಟುಗಳಿಂದ ಪ್ರತಿ 10 ಸೆಂ.ಮೀ. ಗುರುತಿಸಿದ ಹಗ್ಗ ಕಟ್ಟಿ, ಕೆಳಗೆ ಒಂದು ಕಲ್ಲು ತೂಗುಬಿಡಿ. ಇಟಲಿಯ ಖಗೋಳಜ್ಞ ಪಾದ್ರಿ ಆಂಜೆಲೊ ಸೆಕ್ಕಿ 1865ರಲ್ಲಿ ಬಿಳಿಯ ತಟ್ಟೆಗಳನ್ನು ಸಮುದ್ರಕ್ಕೆ ಇಳಿಸಿ ನೀರಿನ ತಿಳಿತನವನ್ನು ಅಳೆದರು. ಅದೇ ಸೆಕ್ಕಿ ತಟ್ಟೆ ಇಂದಿಗೂ ಪ್ರಪಂಚದಾದ್ಯಂತ ಬಳಕೆಯಲ್ಲಿದೆ. ತೂಬಿನ ಮೆಟ್ಟಿಲಿನ ಮೇಲಿಂದ ತಟ್ಟೆಯನ್ನು ನಿಧಾನವಾಗಿ ಇಳಿಸಿ, ಕಣ್ಮರೆಯಾಗುವ ಆಳವನ್ನು ಬರೆದುಕೊಳ್ಳಿ. ಮೇಲೆಳೆಯುವಾಗ ಮತ್ತೆ ಕಾಣುವ ಆಳವನ್ನೂ ಬರೆದು ಎರಡರ ಸರಾಸರಿ ತೆಗೆಯಿರಿ. ಈ ಆಳದ ಎರಡರಿಂದ ಮೂರು ಪಟ್ಟು ಆಳದವರೆಗೆ ಮಾತ್ರ ದ್ಯುತಿಸಂಶ್ಲೇಷಣೆಗೆ ಸಾಲುವಷ್ಟು ಬೆಳಕು ಸಿಗುತ್ತದೆ ಎಂಬುದು ಒಂದು ಸ್ಥೂಲ ಲೆಕ್ಕ. ನಿಮ್ಮ ಕೆರೆಯಲ್ಲಿ ತಟ್ಟೆ 30 ಸೆಂ.ಮೀ. ಆಳದಲ್ಲೇ ಕಣ್ಮರೆಯಾದರೆ, ಒಂದು ಮೀಟರಿಗಿಂತ ಕೆಳಗಿನ ನೀರೆಲ್ಲ ಮೇಲ್ಪದರದ ದುಡಿಮೆಯನ್ನು ನಂಬಿ ಬದುಕುತ್ತಿದೆ ಎಂದು ಅರ್ಥ.

ಈಗ ಆ ಎರಡು ಹೊತ್ತಿನ ಭೇಟಿಗಳ ವಿಷಯ. ಪ್ರತಿ ಬಾರಿಯೂ ಒಂದೇ ಜಾಗದಲ್ಲಿ, ಒಂದೇ ಆಳದಲ್ಲಿ ನೀರಿನ ಉಷ್ಣತೆ ಮತ್ತು ಪಿಎಚ್ ಅಳೆಯಿರಿ. ಪಾಚಿ ಸಮೃದ್ಧವಾಗಿರುವ ಹಸಿರು ನೀರಿನಲ್ಲಿ ಬೆಳಗಿನ ಪಿಎಚ್‌ಗಿಂತ ಮಧ್ಯಾಹ್ನದ ಪಿಎಚ್ ಸ್ಪಷ್ಟವಾಗಿ ಹೆಚ್ಚಿರುವುದನ್ನು ಕಾಣುತ್ತೀರಿ. ಹಗಲಿನಲ್ಲಿ ಪಾಚಿ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಆ ಅನಿಲ ನೀರಿನಲ್ಲಿ ಸೌಮ್ಯ ಆಮ್ಲವಾಗಿ ವರ್ತಿಸುವುದರಿಂದ ಅದು ಕಡಿಮೆಯಾದಂತೆ ನೀರು ಕ್ಷಾರೀಯವಾಗುತ್ತದೆ. ರಾತ್ರಿ ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಪಾಚಿಯೂ ಮೀನೂ ತಳದ ಬ್ಯಾಕ್ಟೀರಿಯಾವೂ ಇಡೀ ರಾತ್ರಿ ಆಮ್ಲಜನಕವನ್ನು ಖರ್ಚು ಮಾಡುತ್ತಲೇ ಇರುತ್ತವೆ. ಹೀಗಾಗಿ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಕೆರೆಯ ಆಮ್ಲಜನಕದ ಬೊಕ್ಕಸ ಅತ್ಯಂತ ಬರಿದಾಗಿರುತ್ತದೆ. ಮುಂಜಾನೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುವುದನ್ನು ಮೀನು ಸಾಕುವವರು ಅಪಾಯದ ಸೂಚನೆ ಎಂದು ಗುರುತಿಸುವುದು ಇದೇ ಕಾರಣಕ್ಕೆ. ಎರಡು ಮೂರು ದಿನ ಮೋಡ ಮುಸುಕಿದ ಮೇಲೆ ಕೆರೆಯಲ್ಲಿ ಮೀನುಗಳು ಸತ್ತು ತೇಲಿದರೆ ಜನ ಮೊದಲು ವಿಷ ಹಾಕಿದ್ದಾರೆಂದು ಶಂಕಿಸುತ್ತಾರೆ. ಬೆಳಕಿಲ್ಲದೆ ಆಮ್ಲಜನಕದ ಉತ್ಪಾದನೆ ಕುಸಿದು, ಖರ್ಚು ಮಾತ್ರ ಹಾಗೆಯೇ ಮುಂದುವರಿದಿರುವ ಸಾಧ್ಯತೆಯನ್ನೂ ಪರಿಶೀಲಿಸಬೇಕು.

ಇದಕ್ಕೆ ಉಷ್ಣತೆಯನ್ನೂ ಸೇರಿಸಿಕೊಳ್ಳಿ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ. ಬಿಸಿ ಹೆಚ್ಚಿದಾಗ ಮೀನಿಗೆ ಬೇಕಾಗುವ ಆಮ್ಲಜನಕ ಏರುತ್ತದೆ, ನೀರಿನಲ್ಲಿ ನಿಲ್ಲುವ ಆಮ್ಲಜನಕ ಇಳಿಯುತ್ತದೆ. ಬೇಸಿಗೆಯ ಕೆರೆಯ ಕಷ್ಟವೆಲ್ಲ ಈ ಒಂದು ವಾಕ್ಯದಲ್ಲಿದೆ. ‘ಸೀಮಿತಗೊಳಿಸುವ ಅಂಶ’ ಎಂದು ಪುಸ್ತಕದಲ್ಲಿ ಓದುವುದು ಇದನ್ನೇ: ಉಳಿದೆಲ್ಲವೂ ಹೇರಳವಾಗಿದ್ದರೂ ಯಾವುದೋ ಒಂದರ ಕೊರತೆ ಬದುಕಿನ ಮಿತಿಯನ್ನು ನಿರ್ಧರಿಸುತ್ತದೆ.

ಮೂರನೆಯ ಹಂತ: ಯಾರಿದ್ದಾರೆ, ಏನು ಕೆಲಸ ಮಾಡುತ್ತಿದ್ದಾರೆ

ಜಾಲರಿಯಿಂದ ಜೊಂಡಿನ ಬುಡವನ್ನು ಮೂರು ನಾಲ್ಕು ಬಾರಿ ಬಳಿದು ಬಿಳಿ ಬೋಗುಣಿಯಲ್ಲಿ ಕವುಚಿ, ಎರಡು ನಿಮಿಷ ಅಲುಗಾಡದೆ ಕಾಯಿರಿ. ಕೆಸರು ತಳಕ್ಕಿಳಿದ ಮೇಲೆ ಒಂದೊಂದಾಗಿ ಚಲನೆಗಳು ಕಾಣತೊಡಗುತ್ತವೆ: ಸೊಳ್ಳೆಯ ಮರಿಗಳು, ಕೊಡತಿ ಹುಳದ ಮರಿಗಳು, ಬಸವನಹುಳುಗಳು, ಚುಕ್ಕೆಯಂತೆ ಜಿಗಿಯುವ ನೀರುಚಿಗಟಗಳು. ಹೆಸರು ತಿಳಿಯದಿದ್ದರೆ ಚಿತ್ರ ಬರೆದು ‘ಜೀವಿ 1’, ‘ಜೀವಿ 2’ ಎಂದು ಸಂಖ್ಯೆ ಕೊಡಿ. ಹೆಸರಿಗಿಂತ ಮುಖ್ಯವಾದ ಪ್ರಶ್ನೆ, ಅದು ಏನನ್ನು ತಿನ್ನುತ್ತದೆ ಎಂಬುದು. ಬಾಯಿಯ ಆಕಾರ, ಕಾಲುಗಳ ರಚನೆ, ಇರುವ ಜಾಗ, ಇವು ಸುಳಿವು ಕೊಡುತ್ತವೆ.

ಒಂದೇ ಜೀವಿಗೆ ಒಂದೇ ಪಾತ್ರ ಎಂದು ಭಾವಿಸಬೇಡಿ. ಗೊದಮೊಟ್ಟೆ ಪಾಚಿಯನ್ನು ಕೆರೆದು ತಿನ್ನುತ್ತದೆ, ಅದೇ ಬೆಳೆದು ಕಪ್ಪೆಯಾದಾಗ ಹುಳ ಹಿಡಿಯುತ್ತದೆ; ಪ್ರಾಥಮಿಕ ಭಕ್ಷಕವಾಗಿದ್ದ ಪ್ರಾಣಿ ತನ್ನ ಜೀವಮಾನದಲ್ಲೇ ದ್ವಿತೀಯ ಭಕ್ಷಕವಾಗುತ್ತದೆ.

ವಿಘಟಕರನ್ನು ಕಣ್ಣಿಗೆ ಕಾಣಿಸಿಕೊಳ್ಳಲು ಒಂದು ಪ್ರಯೋಗವಿದೆ, ದಯವಿಟ್ಟು ಇದನ್ನು ಬಿಡಬೇಡಿ. ಸೊಳ್ಳೆಪರದೆಯ ಬಟ್ಟೆಯಿಂದ ಅಂಗೈ ಅಗಲದ ಎಂಟು ಚೀಲಗಳನ್ನು ಹೊಲಿಯಿರಿ. ನಾಲ್ಕರಲ್ಲಿ ತಲಾ 10 ಗ್ರಾಂ ಒಣಗಿದ ಹೊಂಗೆ ಎಲೆ, ಉಳಿದ ನಾಲ್ಕರಲ್ಲಿ ತಲಾ 10 ಗ್ರಾಂ ಒಣಗಿದ ನೀಲಗಿರಿ ಎಲೆ ತುಂಬಿ, ಬಾಯಿ ಹೊಲಿದು, ಹಗ್ಗಕ್ಕೆ ಕಟ್ಟಿ ನೀರಿನಲ್ಲಿ ಮುಳುಗಿಸಿ. ಎರಡು ವಾರಕ್ಕೊಮ್ಮೆ ಪ್ರತಿ ಬಗೆಯ ಒಂದೊಂದು ಚೀಲವನ್ನು ತೆಗೆದು, ಕೆಸರು ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ತೂಗಿ. ಎಂಟು ವಾರಗಳಲ್ಲಿ ಉಳಿದ ತೂಕದ ನಕ್ಷೆ ಬರೆದರೆ ಎರಡು ಗೆರೆಗಳು ಬೇರೆಬೇರೆ ವೇಗದಲ್ಲಿ ಇಳಿಯುವುದು ಕಾಣುತ್ತದೆ. ಸಾರಜನಕ ಹೆಚ್ಚಿರುವ ಹೊಂಗೆ ಎಲೆಯನ್ನು ನಮ್ಮ ರೈತರು ಹಸಿರೆಲೆ ಗೊಬ್ಬರವಾಗಿ ಗದ್ದೆಗೆ ಹಾಕುತ್ತಿದ್ದದ್ದು ಏಕೆ, ಎಣ್ಣೆಯಂಶವಿರುವ ನೀಲಗಿರಿಯ ಎಲೆ ನೆಲದ ಮೇಲೆ ಬಹುಕಾಲ ಹಾಗೆಯೇ ಬಿದ್ದಿರುವುದು ಏಕೆ ಎಂಬುದಕ್ಕೆ ನಿಮ್ಮದೇ ಅಂಕಿಗಳು ಉತ್ತರ ಕೊಡುತ್ತವೆ.

ನಾಲ್ಕನೆಯ ಹಂತ: ಆಹಾರ ಜಾಲವನ್ನು ಸಾಕ್ಷ್ಯದಿಂದ ಕಟ್ಟಿ

‘ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು’ ಎಂಬ ಆಹಾರ ಸರಪಳಿ ಎಲ್ಲರಿಗೂ ಕಂಠಪಾಠ. ನಿಮ್ಮ ನೋಟ್‌ಬುಕ್ಕಿನಲ್ಲಿ ಅದನ್ನು ಬರೆಯಬೇಡಿ. ನೀವೇ ಕಂಡದ್ದನ್ನು ಮಾತ್ರ ಬರೆಯಿರಿ: ಮಿಂಚುಳ್ಳಿ ಮೀನು ಕಚ್ಚಿ ಹಾರಿದ್ದು, ಕೊಡತಿ ಹುಳ ಗಾಳಿಯಲ್ಲೇ ಸೊಳ್ಳೆ ಹಿಡಿದದ್ದು, ನೀರುಹಾವಿನ ಬಾಯಲ್ಲಿ ಕಪ್ಪೆ ಇದ್ದದ್ದು, ಬಸವನಹುಳು ಕಲ್ಲಿನ ಮೇಲಿನ ಪಾಚಿಯಲ್ಲಿ ಬಿಟ್ಟುಹೋದ ದಾರಿ. ಕಂಡದ್ದಕ್ಕೆ ಗಟ್ಟಿ ಗೆರೆ, ಓದಿ ಅಥವಾ ಕೇಳಿ ತಿಳಿದದ್ದಕ್ಕೆ ಚುಕ್ಕಿ ಗೆರೆ ಬಳಸಿ. ಬಾಣದ ತುದಿ ತಿಂದವನ ಕಡೆಗಿರಬೇಕು, ಏಕೆಂದರೆ ಬಾಣ ತೋರಿಸುವುದು ಶಕ್ತಿ ಹೋಗುವ ದಿಕ್ಕನ್ನು. ‘ಹಾವು ಕಪ್ಪೆಯನ್ನು ತಿನ್ನುತ್ತದೆ’ ಎಂಬ ವಾಕ್ಯದ ಕ್ರಮದಲ್ಲಿ ಬಾಣ ಹಾಕಿ ಅಂಕ ಕಳೆದುಕೊಳ್ಳುವವರು ಪ್ರತಿ ವರ್ಷವೂ ಇರುತ್ತಾರೆ.

ಜಾಲ ಕಟ್ಟುವಾಗಲೇ ‘ಆವಾಸ’ ಮತ್ತು ‘ನಿಶ್’ ಎಂಬ ಎರಡು ಪದಗಳ ವ್ಯತ್ಯಾಸವೂ ಸ್ಪಷ್ಟವಾಗುತ್ತದೆ. ಆವಾಸವೆಂದರೆ ಜೀವಿಯ ವಿಳಾಸ. ನಿಶ್ ಎಂದರೆ ಅದು ಅಲ್ಲಿ ಬದುಕು ಸಾಗಿಸುವ ಇಡೀ ರೀತಿ. ಇದಕ್ಕೆ ನಮ್ಮ ಕೆರೆಯ ಮೀನುಗಾರರ ಬಳಿ ಸೊಗಸಾದ ಉದಾಹರಣೆಯಿದೆ. ಅವರು ಒಂದೇ ಕೆರೆಗೆ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಒಟ್ಟಿಗೆ ಬಿಡುತ್ತಾರೆ. ಕಾಟ್ಲಾ ಮೇಲ್ಪದರದಲ್ಲಿ ತೇಲುವ ಸೂಕ್ಷ್ಮಪ್ರಾಣಿಗಳನ್ನೂ, ರೋಹು ನಡುಪದರದ ಆಹಾರವನ್ನೂ, ಮೃಗಾಲ್ ತಳದ ಕೊಳೆತ ಪದಾರ್ಥವನ್ನೂ ಹೆಚ್ಚಾಗಿ ತಿನ್ನುತ್ತವೆ. ಆವಾಸ ಒಂದೇ, ನಿಶ್ ಬೇರೆಬೇರೆ. ಆದ್ದರಿಂದಲೇ ಸ್ಪರ್ಧೆ ಕಡಿಮೆ, ಇಳುವರಿ ಹೆಚ್ಚು. ಹಕ್ಕಿಗಳಲ್ಲಿಯೂ ಇದನ್ನೇ ನೋಡಿ: ಕೊಳದ ಬಕ ದಡದಲ್ಲಿ ಕಾಯುತ್ತದೆ, ಬಣ್ಣದ ಕೊಕ್ಕರೆ ಆಳವಿಲ್ಲದ ನೀರಿನಲ್ಲಿ ಕೊಕ್ಕು ಆಡಿಸುತ್ತದೆ, ನೀರುಕಾಗೆ ಮುಳುಗಿ ಬೆನ್ನಟ್ಟುತ್ತದೆ, ಮಿಂಚುಳ್ಳಿ ಮೇಲಿಂದ ಎರಗುತ್ತದೆ.

ತಿನ್ನುವುದಷ್ಟೇ ಸಂಬಂಧವಲ್ಲ. ಮೇಯುವ ಎಮ್ಮೆಯ ಹಿಂದೆ ನಡೆಯುತ್ತ, ಅದು ಎಬ್ಬಿಸಿದ ಹುಳಗಳನ್ನು ಹಿಡಿಯುವ ಗೋವಕ್ಕಿಗೆ ಲಾಭ, ಎಮ್ಮೆಗೆ ಲಾಭವೂ ಇಲ್ಲ ನಷ್ಟವೂ ಇಲ್ಲ, ಇದು ಸಹಭೋಜಿತ್ವ. ಎಮ್ಮೆಯ ಕಾಲಿಗೆ ಅಂಟಿದ ಜಿಗಣೆ ಪರಾವಲಂಬಿ. ಏರಿಯ ಮರದ ಮೇಲೆ ಬೆಳೆಯುವ ಬಂದಳಿಕೆ ಅರೆ ಪರಾವಲಂಬಿ: ಹಸಿರೆಲೆಗಳಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ ನೀರು, ಲವಣಗಳನ್ನು ಮರದಿಂದ ಹೀರುತ್ತದೆ. ಅತ್ತಿಯ ಹಣ್ಣು ಬಿಚ್ಚಿದರೆ ಹುಳ ಎಂದು ಹಿರಿಯರು ಮೂಗು ಮುರಿಯುತ್ತಾರಲ್ಲ, ಆ ಹುಳಗಳಲ್ಲಿ ಅತ್ತಿಯ ಹೂಗಳಿಗೆ ಪರಾಗಸ್ಪರ್ಶ ಮಾಡುವ ಕಣಜದ ಸಂತತಿಯೂ ಇರುತ್ತದೆ; ಆ ಕಣಜವಿಲ್ಲದೆ ಅತ್ತಿಗೆ ಬೀಜವಿಲ್ಲ, ಅತ್ತಿಯಿಲ್ಲದೆ ಕಣಜಕ್ಕೆ ಮನೆಯಿಲ್ಲ. ಪರಸ್ಪರಾವಲಂಬನೆಗೆ ಇದಕ್ಕಿಂತ ಬಿಗಿಯಾದ ನಿದರ್ಶನ ಸಿಗುವುದು ಕಷ್ಟ.

ಐದನೆಯ ಹಂತ: ಶಕ್ತಿಯ ಲೆಕ್ಕ

ಶಕ್ತಿಯ ಪಿರಮಿಡ್ಡನ್ನು ಕಟ್ಟಿಕೊಟ್ಟ ಅಧ್ಯಯನವೂ ನಡೆದದ್ದು ಒಂದು ಪುಟ್ಟ ಕೆರೆಯಲ್ಲಿಯೇ ಎಂಬುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ. ಅಮೆರಿಕದ ಮಿನೆಸೋಟಾ ರಾಜ್ಯದ ಸೀಡರ್ ಬಾಗ್ ಎಂಬ ಹೂಳು ತುಂಬುತ್ತಿದ್ದ ಕೆರೆಯನ್ನು ರೇಮಂಡ್ ಲಿಂಡೆಮನ್ ಎಂಬ ಯುವ ವಿಜ್ಞಾನಿ ವರ್ಷಗಳ ಕಾಲ ಅಭ್ಯಾಸ ಮಾಡಿ, ಒಂದು ಪೋಷಣಾ ಸ್ತರದಿಂದ (ಆಹಾರ ಸರಪಳಿಯ ಒಂದು ಮೆಟ್ಟಿಲಿನಿಂದ) ಮುಂದಿನದಕ್ಕೆ ಎಷ್ಟು ಶಕ್ತಿ ದಾಟುತ್ತದೆ ಎಂದು ಲೆಕ್ಕ ಹಾಕಿದರು. ಅವರ ಪ್ರಬಂಧ 1942ರಲ್ಲಿ ಅಚ್ಚಾಗುವ ವೇಳೆಗೆ ಅವರು 26ನೆಯ ವಯಸ್ಸಿನಲ್ಲೇ ತೀರಿಕೊಂಡಿದ್ದರು.

ಪಠ್ಯದ ‘ಶೇ. 10ರ ನಿಯಮ’ ಈ ಪರಂಪರೆಯಿಂದ ಬಂದದ್ದು. ಪಾಚಿಯಲ್ಲಿ 10,000 ಕಿಲೋಜೂಲ್ ಶಕ್ತಿ ಕೂಡಿದ್ದರೆ ನೀರುಚಿಗಟಗಳಿಗೆ ಸುಮಾರು 1,000, ಅವನ್ನು ತಿನ್ನುವ ಸಣ್ಣ ಮೀನಿಗೆ 100, ಅದನ್ನು ತಿನ್ನುವ ನೀರುಕಾಗೆಗೆ 10 ಕಿಲೋಜೂಲ್. ಉಳಿದದ್ದು ಉಸಿರಾಟದಲ್ಲಿ ಶಾಖವಾಗಿ ಹೋಗುತ್ತದೆ, ಅಥವಾ ತಿನ್ನದೆ ಉಳಿದು, ಜೀರ್ಣವಾಗದೆ ಹೊರಬಿದ್ದು ವಿಘಟಕರ ಪಾಲಾಗುತ್ತದೆ. ಆದರೆ ಇದನ್ನು ಕಲ್ಲಿನ ಮೇಲೆ ಕೊರೆದ ನಿಯಮದಂತೆ ಕಾಣಬೇಡಿ. ಲಿಂಡೆಮನ್ ಅವರದೇ ಕೆರೆಯಲ್ಲಿ ಸಸ್ಯಾಹಾರಿಗಳ ದಕ್ಷತೆ ಸುಮಾರು ಶೇ. 13, ಮಾಂಸಾಹಾರಿಗಳದು ಸುಮಾರು ಶೇ. 22 ಇತ್ತು. ಹತ್ತು ಎಂಬುದು ಒಂದು ಸ್ಥೂಲ ಸರಾಸರಿ. ಬದಲಾಗದ ಸತ್ಯವೆಂದರೆ, ಪ್ರತಿ ಮೆಟ್ಟಿಲಿನಲ್ಲೂ ಶಕ್ತಿಯ ಬಹುಭಾಗ ಸೋರಿಹೋಗುತ್ತದೆ ಮತ್ತು ಸೋರಿದ ಶಾಖವನ್ನು ಯಾವ ಜೀವಿಯೂ ಮತ್ತೆ ಆಹಾರವಾಗಿ ಮಾಡಲಾರದು. ಪಾಚಿ ಮತ್ತು ಸೂಕ್ಷ್ಮಜೀವಿಗಳನ್ನು ತಿನ್ನುವ ಮೀನುಗಳನ್ನೇ ಸಾಕಿದರೆ ಕೆರೆಯಿಂದ ಸಿಗುವ ಮೀನಿನ ತೂಕ ಹೆಚ್ಚು, ಮೀನನ್ನೇ ತಿನ್ನುವ ಮೀನುಗಳನ್ನು ಸಾಕಿದರೆ ಕಡಿಮೆ ಎಂಬುದಕ್ಕೂ ಇದೇ ಕಾರಣ.

ಇಲ್ಲಿ ಒಂದು ಎಚ್ಚರಿಕೆ. ಜೀವಿಗಳ ಸಂಖ್ಯೆಯ ಪಿರಮಿಡ್ಡು ತಲೆಕೆಳಗಾಗಬಹುದು: ಒಂದು ಆಲದ ಮರ, ಅದರ ಮೇಲೆ ಸಾವಿರಾರು ಕೀಟಗಳು. ಜೀವರಾಶಿಯ ಪಿರಮಿಡ್ಡೂ ನೀರಿನಲ್ಲಿ ಕೆಲವೊಮ್ಮೆ ತಲೆಕೆಳಗಾಗುತ್ತದೆ, ಏಕೆಂದರೆ ಸೂಕ್ಷ್ಮ ಪಾಚಿ ಎಷ್ಟು ಬೇಗ ಹುಟ್ಟುತ್ತದೆಯೋ ಅಷ್ಟೇ ಬೇಗ ತಿನ್ನಲ್ಪಡುವುದರಿಂದ ಯಾವುದೇ ಒಂದು ಕ್ಷಣದಲ್ಲಿ ಅದರ ತೂಕ ಕಡಿಮೆಯೇ ಇರಬಹುದು. ಶಕ್ತಿಯ ಪಿರಮಿಡ್ಡು ಮಾತ್ರ ಎಂದೂ ತಲೆಕೆಳಗಾಗದು.

ಆರನೆಯ ಹಂತ: ಪದಾರ್ಥದ ದಾರಿ ಹಿಡಿಯಿರಿ

ಶಕ್ತಿ ಒಂದೇ ದಿಕ್ಕಿನಲ್ಲಿ ಹರಿದು ಹೊರಟುಹೋಗುತ್ತದೆ, ಪದಾರ್ಥ ಸುತ್ತುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಹೂಳನ್ನು ಗಾಡಿಗಳಲ್ಲಿ ತುಂಬಿಕೊಂಡು ಹೊಲಕ್ಕೆ ಹಾಕುವುದನ್ನು ನೋಡಿದ್ದೀರಲ್ಲವೇ? ಮಳೆಯಲ್ಲಿ ಹೊಲದಿಂದ ಕೊಚ್ಚಿಬಂದ ಮೇಲ್ಮಣ್ಣು, ಸತ್ತ ಪಾಚಿ, ಎಲೆ, ಹಿಕ್ಕೆ ಎಲ್ಲವೂ ಸೇರಿ ಆದ ಸಾರವನ್ನು ಮತ್ತೆ ಹೊಲಕ್ಕೆ ಮರಳಿಸುವ ಈ ಪದ್ಧತಿಯಲ್ಲಿ ಪೋಷಕಾಂಶಗಳ ಚಕ್ರ ನಿಮ್ಮ ಕಣ್ಣೆದುರೇ ಒಂದು ಸುತ್ತು ಮುಗಿಸುತ್ತದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಮರಗಳ ಕೆಳಗೆ ಬೀಳುವ ಹಿಕ್ಕೆಯನ್ನು ಗ್ರಾಮಸ್ಥರು ಗೊಬ್ಬರವಾಗಿ ಬಳಸಿದ್ದೂ ಇದೇ ಬಗೆಯ ಮರಳುವಿಕೆ. ನೀರಿನಲ್ಲಿದ್ದ ರಂಜಕ ಮೀನಾಗಿ, ಹಕ್ಕಿಯಾಗಿ ಗದ್ದೆಗೆ ಬಂದಿದೆ.

ಚಕ್ರದ ಒಂದು ಕಡೆ ಒಳಹರಿವು ಹೆಚ್ಚಿ, ಇನ್ನೊಂದು ಕಡೆ ಹೊರಹೋಗುವ ದಾರಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಬೆಳ್ಳಂದೂರು ಕೆರೆ ನಮಗೆಲ್ಲ ತೋರಿಸಿದೆ. ಸಂಸ್ಕರಿಸದ ಕೊಳಚೆನೀರಿನೊಂದಿಗೆ ಸಾರಜನಕ, ರಂಜಕಗಳು ವರ್ಷಗಟ್ಟಲೆ ಬಂದು ಸೇರಿದವು, ಮಾರ್ಜಕಗಳಿಂದ ನೊರೆ ಎದ್ದಿತು, ಜಲಕಳೆ ಹಬ್ಬಿತು, 2015, 2017 ಮತ್ತು 2018ರಲ್ಲಿ ಕೆರೆಯಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. ಪೋಷಕಾಂಶ ಅತಿಯಾಗಿ ಪಾಚಿ, ಕಳೆಗಳು ಮಿತಿಮೀರಿ ಬೆಳೆಯುತ್ತವೆ, ಅವು ಸತ್ತಾಗ ವಿಘಟಕರು ಕೊಳೆಸುವ ಭರದಲ್ಲಿ ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತಾರೆ, ಮೀನು ಸಾಯುತ್ತದೆ. ಅತಿಪೋಷಣೆ ಎಂಬ ಪದದ ಹಿಂದಿನ ಸರಣಿ ಇದು. ಎರಡನೆಯ ಹಂತದ ನಿಮ್ಮ ಸೆಕ್ಕಿ ಆಳವನ್ನೂ ಪಿಎಚ್ ಏರಿಳಿತವನ್ನೂ ಈಗ ಮತ್ತೊಮ್ಮೆ ತೆರೆದು ನೋಡಿ; ನಿಮ್ಮ ಕೆರೆ ಆ ದಾರಿಯಲ್ಲಿ ಎಷ್ಟು ದೂರ ಸಾಗಿದೆ ಎಂಬುದರ ಸುಳಿವು ಅಲ್ಲಿದೆ.

ವಿಷದ ದಾರಿ ಇನ್ನೂ ಬೇರೆ. ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಎಂಬ ಸರೋವರಕ್ಕೆ ಸಣ್ಣ ನೊಣಗಳ ಕಾಟ ತಪ್ಪಿಸಲು 1949ರಿಂದ ಡಿಡಿಟಿಯ ಸಂಬಂಧಿಯಾದ ಡಿಡಿಡಿ ಎಂಬ ಕೀಟನಾಶಕವನ್ನು ಹಾಕಲಾಯಿತು. ನೀರಿನಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ 0.02 ಭಾಗದಷ್ಟು ಮಾತ್ರವಿದ್ದರೂ, ಅಲ್ಲಿ ಸತ್ತ ಮುಳುಕ ಹಕ್ಕಿಗಳ ಕೊಬ್ಬಿನಲ್ಲಿ ಅದು ಹತ್ತು ಲಕ್ಷಕ್ಕೆ 1,600 ಭಾಗದಷ್ಟು ಕಂಡುಬಂತು. ಕೊಬ್ಬಿನಲ್ಲಿ ಕರಗುವ, ದೇಹದಿಂದ ಹೊರಹೋಗದ ವಸ್ತು ಪ್ರತಿ ಮೆಟ್ಟಿಲಿನಲ್ಲಿ ಸಾಂದ್ರವಾಗುತ್ತ ಹೋಗುತ್ತದೆ. ಇದೇ ಜೈವಿಕ ಸಂವರ್ಧನೆ. ಶಕ್ತಿಯ ಪಿರಮಿಡ್ಡಿನ ತುದಿ ಯಾವ ಕಾರಣಕ್ಕೆ ಚೂಪಾಗಿದೆಯೋ ಅದೇ ಕಾರಣಕ್ಕೆ, ಅಂದರೆ ತುದಿಯ ಜೀವಿ ಬದುಕಲು ಕೆಳಗಿನದನ್ನು ರಾಶಿ ರಾಶಿಯಾಗಿ ತಿನ್ನಬೇಕಾಗಿರುವುದಕ್ಕೆ, ವಿಷ ತುದಿಯಲ್ಲಿ ದಟ್ಟವಾಗುತ್ತದೆ.

ಏಳನೆಯ ಹಂತ: ಎಣಿಸಿ

ಒಂದೇ ಪ್ರಭೇದದ, ಒಂದೇ ಜಾಗದ ಜೀವಿಗಳ ಗುಂಪು ಸಮಷ್ಟಿ. ಅಲ್ಲಿನ ಎಲ್ಲ ಸಮಷ್ಟಿಗಳೂ ಸೇರಿದರೆ ಸಮುದಾಯ. ಸಮಷ್ಟಿಯನ್ನು ಎಣಿಸಲು ಎರಡು ವಿಧಾನ ಕಲಿತರೆ ಸಾಕು.

ಅಲುಗದ ಜೀವಿಗಳಿಗೆ ಚೌಕಟ್ಟಿನ ವಿಧಾನ. ನಾಲ್ಕು ಗೂಟ, ಹಗ್ಗದಿಂದ ಒಂದು ಮೀಟರ್ ಬದಿಯ ಚೌಕ ಮಾಡಿ ಏರಿಯ ಮೇಲೆ ಹತ್ತು ಕಡೆ ಹಾಕಿ, ಪ್ರತಿಯೊಂದರಲ್ಲೂ ಕಾಂಗ್ರೆಸ್ ಗಿಡಗಳನ್ನು ಎಣಿಸಿ (ಈ ಗಿಡ ಅಲರ್ಜಿ ತರುವುದರಿಂದ ಬರಿಗೈಯಲ್ಲಿ ಮುಟ್ಟಬೇಡಿ). ಜಾಗಗಳನ್ನು ನೀವೇ ಆರಿಸಿದರೆ ಗಿಡ ಹೆಚ್ಚಿರುವ ಕಡೆಗೇ ಕಾಲು ಎಳೆಯುತ್ತದೆ. ಚೀಟಿ ಎತ್ತಿ, ಬಂದ ಸಂಖ್ಯೆಯಷ್ಟು ಹೆಜ್ಜೆ ನಡೆದು ಚೌಕ ಹಾಕಿ. ಹತ್ತರ ಸರಾಸರಿಯೇ ಒಂದು ಚದರ ಮೀಟರಿನ ಸಾಂದ್ರತೆ. ಎಣಿಸುವಾಗ ಎಲೆಗಳ ಮೇಲೆ ಕಂದು ಗೆರೆಗಳಿರುವ ಬಿಳಿಚಾದ ಸಣ್ಣ ದುಂಬಿಗಳಿವೆಯೇ ನೋಡಿ. ಅದು ಝೈಗೊಗ್ರಾಮಾ; ಈ ಕಳೆಯನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ ಕೀಟ. ಭಕ್ಷಕವೊಂದು ಸಸ್ಯದ ಸಮಷ್ಟಿಯನ್ನು ನಿಯಂತ್ರಿಸುವುದಕ್ಕೆ ಅದು ಜೀವಂತ ನಿದರ್ಶನ.

ಚಲಿಸುವ ಜೀವಿಗಳಿಗೆ ಹಿಡಿದು ಗುರುತಿಸಿ ಬಿಡುವ ವಿಧಾನ. ಮೊದಲು ಮನೆಯಲ್ಲಿ ಡಬ್ಬಿಯ ತುಂಬ ಹುಣಸೆಬೀಜ ಹಾಕಿಕೊಂಡು ಅಭ್ಯಾಸ ಮಾಡಿ. ಕೆರೆಯಲ್ಲಿ 40 ಬಸವನಹುಳುಗಳ ಚಿಪ್ಪಿನ ಮೇಲೆ ಉಗುರುಬಣ್ಣದ ಚುಕ್ಕೆಯಿಟ್ಟು ಬಿಟ್ಟಿರೆನ್ನೋಣ. ಒಂದು ವಾರದ ಮೇಲೆ ಹಿಡಿದ 50ರಲ್ಲಿ 10ಕ್ಕೆ ಚುಕ್ಕೆ ಇದ್ದರೆ, ಒಟ್ಟು ಸಂಖ್ಯೆ ಸುಮಾರು 40 ಗುಣಿಸು 50 ಭಾಗಿಸು 10, ಅಂದರೆ 200. ಈ ಲೆಕ್ಕ ನಿಲ್ಲುವುದು ಗುರುತು ಅಳಿಸಿಲ್ಲ, ಗುರುತಾದವು ಉಳಿದವುಗಳೊಂದಿಗೆ ಬೆರೆತಿವೆ, ಆ ವಾರದಲ್ಲಿ ಹುಟ್ಟು ಸಾವು ವಲಸೆಗಳು ನಗಣ್ಯ ಎಂಬ ಊಹೆಗಳ ಮೇಲೆ. ಉತ್ತರದ ಜೊತೆಗೆ ಆ ಊಹೆಗಳನ್ನೂ ಬರೆಯಿರಿ.

ಸಮಷ್ಟಿಯ ಬೆಳವಣಿಗೆಯ ವೇಗವನ್ನು ಅರಿಯಲು ವಾಟರ್ ಹಯಸಿಂತ್ ಎಂಬ ನೇರಳೆ ಹೂವಿನ ಜಲಕಳೆಯನ್ನು ನೋಡಿ. ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶದ ಈ ಸಸ್ಯ ಅನುಕೂಲ ಸ್ಥಿತಿಯಲ್ಲಿ ಸುಮಾರು ಎರಡು ವಾರಗಳಲ್ಲಿ ಇಮ್ಮಡಿಯಾಗಬಲ್ಲದು. ಆ ವೇಗದಲ್ಲಿ ಒಂದು ಗಿಡ 20 ವಾರಗಳಲ್ಲಿ 1,024 ಆಗುತ್ತದೆ. ಕೆರೆಯ ಅರ್ಧ ಮುಚ್ಚಿದಾಗ ‘ಇನ್ನೂ ಅರ್ಧ ಉಳಿದಿದೆ’ ಎಂದು ಸುಮ್ಮನಿದ್ದರೆ ಉಳಿದಿರುವುದು ಎರಡೇ ವಾರ. ಹೀಗೆ ಏರುವ ರೇಖೆ ಜಾಗ, ಬೆಳಕು, ಪೋಷಕಾಂಶ ಮುಗಿಯುತ್ತಿದ್ದಂತೆ ಬಾಗಿ ಸಮತಟ್ಟಾಗುತ್ತದೆ; ಆ ಮಟ್ಟವೇ ಧಾರಣ ಸಾಮರ್ಥ್ಯ.

ಎಂಟನೆಯ ಹಂತ: ಹಿರಿಯರನ್ನು ಕೇಳಿ, ಕಾಲದ ನಕ್ಷೆ ಬರೆಯಿರಿ

ಅನುಕ್ರಮಣ, ಅಂದರೆ ಒಂದು ಜಾಗದ ಜೀವಿ ಸಮುದಾಯ ಕಾಲಕ್ರಮದಲ್ಲಿ ಬದಲಾಗುತ್ತ ಹೋಗುವುದು, ಎಂಬ ಪರಿಕಲ್ಪನೆ ಎಂಟು ವಾರಗಳಲ್ಲಿ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೆ ದಶಕಗಳು ಬೇಕು. ಆದ್ದರಿಂದ ಊರಿನ ನೀರುಗಂಟಿಯವರನ್ನು, ಮೀನು ಹಿಡಿಯುವವರನ್ನು, ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ: ಹಿಂದೆ ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತು, ಜೊಂಡು ಎಲ್ಲಿತ್ತು, ಈಗ ಜಾಲಿ ಬೆಳೆದಿರುವ ಜಾಗದಲ್ಲಿ ಆಗ ಏನಿತ್ತು, ಯಾವ ಮೀನು ಈಗ ಸಿಗುವುದಿಲ್ಲ? ಹೂಳು ತುಂಬಿದಂತೆ ತೇಲುವ ಸಸ್ಯಗಳ ಜಾಗಕ್ಕೆ ಬೇರೂರಿದ ಜೊಂಡು, ಜೊಂಡಿನ ಜಾಗಕ್ಕೆ ಹುಲ್ಲು, ಹುಲ್ಲಿನ ಜಾಗಕ್ಕೆ ಪೊದೆ ಬರುವ ಕ್ರಮವನ್ನು ಇಂದಿನ ಕೆರೆಯಲ್ಲೇ ನಡುನೀರಿನಿಂದ ದಡದ ಕಡೆಗೆ ಸಾಲಾಗಿಯೂ ಕಾಣಬಹುದು. ವಿಜಯನಗರ ಜಿಲ್ಲೆಯ ಅಂಕಸಮುದ್ರವು ನೀರಾವರಿಗೆಂದು ಕಟ್ಟಿದ ಕೆರೆ. ಅದರ ಅಂಗಳದಲ್ಲಿ ಬೆಳೆದ ಕರಿಜಾಲಿ ಮರಗಳಲ್ಲಿ ಇಂದು ನೀರುಹಕ್ಕಿಗಳು ಗೂಡು ಕಟ್ಟುತ್ತವೆ, 2024ರಲ್ಲಿ ಅದು ಮಾಗಡಿ ಕೆರೆಯೊಂದಿಗೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಮನುಷ್ಯ ಕಟ್ಟಿದ್ದು ‘ಕೃತಕ’, ಆದ್ದರಿಂದ ಅದು ನಿಜವಾದ ಪರಿಸರ ವ್ಯವಸ್ಥೆಯಲ್ಲ ಎಂದು ವಾದಿಸುವವರಿಗೆ ಈ ಕೆರೆಯನ್ನು ತೋರಿಸಿ.

ಕೊನೆಯದಾಗಿ, ಬರೆಯುವ ಕ್ರಮ. ಎಂಟು ವಾರ ಮುಗಿದ ಮೇಲೆ ನೋಟ್‌ಬುಕ್ಕಿನ ಪ್ರತಿ ಪರಿಕಲ್ಪನೆಗೂ ಒಂದು ಪುಟ ಮೀಸಲಿಟ್ಟು, ಮೇಲೆ ಪುಸ್ತಕದ ವ್ಯಾಖ್ಯೆ, ನಡುವೆ ನಿಮ್ಮ ಕೆರೆಯ ಸಾಕ್ಷ್ಯ ಮತ್ತು ಅದನ್ನು ಕಂಡ ದಿನಾಂಕ, ಕೆಳಗೆ ಉತ್ತರ ಸಿಗದ ಒಂದು ಪ್ರಶ್ನೆ ಬರೆಯಿರಿ. ನಡುವಿನ ಭಾಗ ಖಾಲಿ ಉಳಿದ ಪುಟಗಳಿಗಾಗಿ ಮತ್ತೊಮ್ಮೆ ಕೆರೆಗೆ ಹೋಗಿ. ಆಮೇಲೆ ನೋಟ್‌ಬುಕ್ಕನ್ನು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟು, ಮುಂದಿನ ವರ್ಷದ ತರಗತಿಯವರು ಅದೇ ಮೆಟ್ಟಿಲಿನ ಮೇಲೆ ನಿಂತು, ಅದೇ ತಿಂಗಳಿನಲ್ಲಿ, ಅದೇ ತಟ್ಟೆಯನ್ನು ನೀರಿಗೆ ಇಳಿಸುವಂತೆ ಅಳತೆಯ ಜಾಗಗಳನ್ನು ನಕ್ಷೆಯಲ್ಲಿ ಸ್ಪಷ್ಟವಾಗಿ ಗುರುತಿಸಿಡಿ.